ಮೂರು ರಾಜ್ಯಕ್ಕೆ ಒಂದೇ ಪ್ರಶ್ನಾವಳಿ

ಪ್ರಶ್ನಾವಳಿ ಕೈಗೆ ಬಂದ ದಿನ ನಾವು ಆರು ಜನ ರಾಬರ್ಟ್‌ಸನ್‌ಪೇಟೆಯ ಒಂದು ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದೆವು. ಕರ್ನಾಟಕ, ಆಂಧ್ರ, ತಮಿಳುನಾಡು ಈ ಮೂರರಲ್ಲಿ ಯಾವ ರಾಜ್ಯದ ಜನ ಎಷ್ಟು ಉದಾರಿಗಳು, ಯಾವ ರಾಜ್ಯದವರು ಎಷ್ಟು ಸಂಪ್ರದಾಯಸ್ಥರು ಎಂದು ಅಳೆಯಲು ಬೆಂಗಳೂರಿನ ಸಂಸ್ಥೆಯೊಂದು ಹೊರಟಿತ್ತು. ಅವರ ತರ್ಕ ಸರಳವಾಗಿತ್ತು. ಮೂರೂ ರಾಜ್ಯಗಳ ಗಡಿ ಹತ್ತಿರವಾಗುವ ಈ ಭಾಗದ ಹಳ್ಳಿಗಳಲ್ಲಿ ಮಣ್ಣು, ಮಳೆ, ಬೆಳೆ, ಜಾತಿಗಳು ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ಸರ್ಕಾರ, ಶಾಲೆಯ ಪುಸ್ತಕ ಮತ್ತು ಟಿವಿಯ ಭಾಷೆ. ಹಾಗಾಗಿ ಉತ್ತರಗಳಲ್ಲಿ ವ್ಯತ್ಯಾಸ ಕಂಡರೆ ಅದು ರಾಜ್ಯದಿಂದ ಬಂದದ್ದು ಎನ್ನಬಹುದು.

ನನಗೆ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಮೇಲ್ವಿಚಾರಕಿಯ ಕೆಲಸ ನನಗೆ ಸಿಕ್ಕಿದ್ದು ಆ ಕಾರಣಕ್ಕೇ.

ಕೆಲಸದ ಕ್ರಮ ಹೀಗಿತ್ತು. ಹಳ್ಳಿಗೆ ಹೋದ ಮೊದಲ ದಿನ ಬೀದಿ ಬೀದಿ ನಡೆದು ನಕ್ಷೆ ಬರೆಯಬೇಕು, ಪ್ರತಿ ಮನೆಗೂ ಸಂಖ್ಯೆ ಕೊಡಬೇಕು, ಮನೆಯಲ್ಲಿ ಯಾರ್‍ಯಾರಿದ್ದಾರೆ, ವಯಸ್ಸೆಷ್ಟು ಎಂದು ಪಟ್ಟಿ ಮಾಡಬೇಕು. ಎರಡನೆಯ ದಿನ ಈಶಾನ್ಯ ಮೂಲೆಯಿಂದ ಹೊರಟು ಪ್ರತಿ ಆರನೆಯ ಮನೆ. ಆ ಮನೆಯಲ್ಲಿ ಹದಿನೆಂಟು ತುಂಬಿದವರ ಪೈಕಿ ಯಾರನ್ನು ಮಾತನಾಡಿಸಬೇಕೆಂದು ಟ್ಯಾಬ್ ಆರಿಸುತ್ತದೆ; ನಮ್ಮ ಇಷ್ಟ ನಡೆಯುವುದಿಲ್ಲ. ಮೊದಲು ಆಧಾರ್ ಕಾರ್ಡಿನಲ್ಲಿ ವಯಸ್ಸು ನೋಡಬೇಕು. ಆಮೇಲೆ ಒಪ್ಪಿಗೆಯ ಮಾತು ಓದಬೇಕು: ನೀವು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ. ಮಾತು ಕೇಳಿಸುವಷ್ಟು ಹತ್ತಿರ ಬೇರೆ ಯಾರೂ ಇರಬಾರದು. ನಡುವೆ ಯಾರಾದರೂ ಬಂದರೆ ತಕ್ಷಣ ನೀರು, ಹಸು, ಹಾಲಿನ ಡೇರಿ ಬಗ್ಗೆ ಕೇಳುವ ಬೇರೊಂದು ಪುಟಕ್ಕೆ ಹೊರಳಿಕೊಳ್ಳಬೇಕು. ಕೊನೆಯಲ್ಲಿ, ಇದನ್ನೆಲ್ಲ ಬೇರೆ ಯಾರಾದರೂ ಕೇಳಿಸಿಕೊಂಡರೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಒತ್ತಬೇಕು. ತರಬೇತಿಯಲ್ಲಿ ಈ ನಿಯಮವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ನಾನೇ.

ತಮಿಳುನಾಡಿನ ಕಡೆಯ ಹಳ್ಳಿಗಳನ್ನು ಮೊದಲು ಮುಗಿಸಿದೆವು. ಉತ್ತರಗಳು ಬೆಂಗಳೂರಿಗೆ ತಲುಪಿದ ವಾರದಲ್ಲೇ ಸಂಸ್ಥೆಯ ಸಂಯೋಜಕರ ಫೋನ್ ಬಂತು. ನಲವತ್ತರ ಆಸುಪಾಸಿನ ಗಂಡಸು, ಮೆತ್ತಗೆ ಮಾತಾಡುವವರು. ಅವತ್ತು ಮಾತ್ರ ಸ್ವರದಲ್ಲಿ ಹುರುಪಿತ್ತು. "ಮೇಡಂ, ಅಂತರ್ಜಾತಿ ಮದುವೆ ಪ್ರಶ್ನೆಗೆ ಆ ಕಡೆಯವರು ಸಾಲಾಗಿ ಒಪ್ತೀವಿ ಅಂದಿದಾರೆ. ಇದು ದೊಡ್ಡ ವಿಷಯ."

ನನಗೆ ನಂಬಿಕೆ ಬರಲಿಲ್ಲ. ಆ ಹಳ್ಳಿಗಳಲ್ಲಿ ನನ್ನ ನೆಂಟರೇ ಇದ್ದಾರೆ. ಸಂಜೆ ಮೂರೂ ಭಾಷೆಯ ಪ್ರಶ್ನಾವಳಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಕನ್ನಡದಲ್ಲಿ, ತೆಲುಗಿನಲ್ಲಿ ಇದ್ದದ್ದು, "ನಿಮ್ಮ ಮನೆಯ ಹುಡುಗಿ ಬೇರೆ ಜಾತಿಯವನನ್ನು ಮದುವೆಯಾಗುತ್ತೇನೆಂದರೆ ಒಪ್ಪುತ್ತೀರಾ?" ತಮಿಳಿನಲ್ಲಿ, "ಒಬ್ಬ ಹುಡುಗಿ ಬೇರೆ ಜಾತಿಯವನನ್ನು ಮದುವೆಯಾಗುತ್ತೇನೆಂದರೆ." ಅನುವಾದಿಸಿದವರು 'ನಿಮ್ಮ ಮನೆಯ' ಎಂಬುದನ್ನು ಬಿಟ್ಟಿದ್ದರು. ಯಾರದೋ ಹುಡುಗಿ ಯಾರನ್ನೋ ಮದುವೆಯಾದರೆ ಬೇಡ ಎನ್ನಲು ಯಾರಿಗೇನು?

ಸಂಯೋಜಕರಿಗೆ ತಿಳಿಸಿದೆ. "ಪುನಃ ಮಾಡಬೇಕು" ಅಂದರು. ಆರು ಜನ ಅದೇ ಬೀದಿಗಳಿಗೆ ಮತ್ತೆ ಹೋಗಿ ಅದೇ ಬಾಗಿಲು ತಟ್ಟಿದೆವು. ಒಬ್ಬ ಹೆಂಗಸು, "ಹೋದ ಸಲ ಹೇಳಿದ್ದು ತಪ್ಪಾಗಿತ್ತಾ?" ಎಂದು ಕೇಳಿ ನಕ್ಕಳು. ಹೊಸ ಪ್ರಶ್ನೆ ಕೇಳಿದಾಗ ನಗಲಿಲ್ಲ.

ಇದರಲ್ಲಿ ಒಂಬತ್ತು ದಿನ ಹೋಯಿತು. ಕಾಮಸಮುದ್ರ ಹೋಬಳಿಯ ಹಳ್ಳಿಗಳಿಗೆ ಬರುವ ಹೊತ್ತಿಗೆ ನಮಗೆಲ್ಲ ಅವಸರ ಹತ್ತಿಕೊಂಡಿತ್ತು.

ಆ ಹೋಬಳಿಯ ಕೊನೆಯ ಹಳ್ಳಿಯಲ್ಲಿ, ಕೊನೆಯ ದಿನ, ನಮ್ಮ ತಂಡದ ಹೆಂಗಸೊಬ್ಬಳು ಜ್ವರ ಬಂದು ಬಸ್ಸಿನಲ್ಲಿ ಹೊರಟುಹೋದಳು. ಅವಳ ಪಾಲಿನ ಮೂರು ಮನೆಗಳನ್ನು ನಾನೇ ತೆಗೆದುಕೊಂಡೆ. ಮೂರನೆಯದು ಊರಂಚಿನ ಒಂದಂಕಣದ ಶೀಟಿನ ಮನೆ. ಗಂಡನನ್ನು ಕಳೆದುಕೊಂಡು ತೋಟದ ಕೂಲಿಗೆ ಹೋಗುವ ತಾಯಿ, ಒಬ್ಬಳೇ ಮಗಳು. ಪಟ್ಟಿಯಲ್ಲಿ ಮಗಳ ವಯಸ್ಸು ಹತ್ತೊಂಬತ್ತು ಎಂದಿತ್ತು. ತಾಯಿ ಹೇಳಿ ಬರೆಸಿದ್ದು. ಟ್ಯಾಬ್ ಮಗಳನ್ನು ಆರಿಸಿತು.

ಹುಡುಗಿ ಆಗತಾನೇ ಬಂಗಾರಪೇಟೆಯ ಕಾಲೇಜಿನಿಂದ ಬಂದಿದ್ದಳು. ಎರಡನೆಯ ಪಿಯುಸಿ. ಇನ್ನೂ ಬ್ಯಾಗು ಇಳಿಸಿರಲಿಲ್ಲ. ತಾಯಿ ಕೂಲಿಯಿಂದ ಬಂದಿಲ್ಲ ಅಂದಳು.

"ಆಧಾರ್ ಕಾರ್ಡ್ ಕೊಡಮ್ಮ, ವಯಸ್ಸು ನೋಡ್ಬೇಕು."

"ಅದು ಅಮ್ಮನ್ ಪೆಟ್ಗೇಲೈತೆ. ಬೀಗ ಆಕವ್ರೆ," ಅಂದಳು. ಆಮೇಲೆ ಸ್ವಲ್ಪ ತಡೆದು, "ಅಮ್ಮ ಎಷ್ಟು ಏಳವ್ರೋ ಅಷ್ಟೇ ಬರ್ಕೊಳ್ಳಿ ಮೇಡಂ."

ಆ ಮಾತಿನಲ್ಲಿ ಎಲ್ಲವೂ ಇತ್ತು. ನನಗೆ ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾರ್ಡು ನೋಡದಿದ್ದರೆ ಮರುದಿನ ಮತ್ತೆ ಬರಬೇಕು. ಮರುದಿನಕ್ಕೆ ಆಂಧ್ರದ ಹಳ್ಳಿಗಳು ನಿಗದಿಯಾಗಿದ್ದವು. ನೋಡಿದೆ ಎಂದು ಒತ್ತಿದೆ. ಒಳಗೆ ಸೆಕೆ, ಕರೆಂಟು ಇರಲಿಲ್ಲ. ಜಗಲಿಯ ಮೇಲೆ ಕೂತೆವು.

ಅವಳ ಹಾಗೆ ಉತ್ತರ ಕೊಟ್ಟವರು ಆ ಹಳ್ಳಿಯಲ್ಲಿ ಯಾರೂ ಇರಲಿಲ್ಲ. ಉಳಿದವರು ನೆಲ ನೋಡುತ್ತಾ, ಬೇಗ ಮುಗಿಸಿದರೆ ಸಾಕು ಎಂಬಂತೆ ಹೇಳುತ್ತಿದ್ದರು. ಇವಳು ಪ್ರತಿ ಪ್ರಶ್ನೆಗೂ ತುಸು ಮುಂದೆ ಬಾಗಿ, ಯೋಚಿಸಿ ಹೇಳಿದಳು. ಹೆಣ್ಣು ಒಬ್ಬಳೇ ಪೇಟೆಗೆ ಹೋಗಬಹುದೇ? "ನಾನು ದಿನಾ ಓಯ್ತೀನಲ್ಲ." ಗಂಡ ತೀರಿಕೊಂಡವರು ಮತ್ತೆ ಮದುವೆಯಾಗಬಹುದೇ? "ನಮ್ಮಮ್ಮನ್ನ ಯಾರೂ ಕೇಳ್ಲಿಲ್ಲ. ಕೇಳ್ಬೇಕಿತ್ತು." ಬೇರೆ ಜಾತಿಯವನು? "ಒಳ್ಳೇವ್ನಾದ್ರೆ ಯಾವ್ ಜಾತಿ ಆದ್ರೇನು ಮೇಡಂ."

ಸೋದರಮಾವನ ಜೊತೆ ಮದುವೆ ಸರಿಯೇ ಎಂಬ ಪ್ರಶ್ನೆ ಬಂತು. ನಮ್ಮ ಕಡೆ ಅದು ಸಾಮಾನ್ಯ. ಮೂರೂ ರಾಜ್ಯದಲ್ಲಿ ಹೆಚ್ಚಿನವರು ಇದಕ್ಕೆ ಯೋಚಿಸದೆ ಹೂಂ ಎನ್ನುತ್ತಿದ್ದರು.

"ನಾನಂತೂ ಆಗಲ್ಲ," ಅಂದಳು. "ಚಿಕ್ಕೋಳಿದ್ದಾಗಿಂದ ಎಲ್ರೂ ಅದೇ ಏಳ್ತಾರೆ, ಮಾವ್ನಿಗೇ ಅಂತ. ನಾನು ನರ್ಸಿಂಗ್ ಓದ್ತೀನಿ. ಸತ್ರೂ ಮಾವನ್ನ ಮಾಡ್ಕೊಳ್ಳಲ್ಲ." ಹೇಳಿ, ತಾನೇ ಹೇಳಿದ್ದಕ್ಕೆ ಬೆರಗಾದವಳಂತೆ ನಕ್ಕಳು.

ಮುಗಿಸಿ ಎದ್ದಾಗ ಮನೆಯ ಪಕ್ಕದ ಗೋಡೆಯ ಮರೆಯಲ್ಲಿ ತಾಯಿ ನಿಂತಿದ್ದದ್ದು ಕಂಡಿತು. ತಲೆಯ ಮೇಲೆ ಹುಲ್ಲಿನ ಹೊರೆ ಹಾಗೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಹೊರೆ ಇಳಿಸದೆ ನನ್ನನ್ನು ನೋಡಿ, "ಆಯ್ತಾ?" ಅಂದಳು.

ಬಸ್ಸಿಗೆ ನಡೆಯುತ್ತಾ ಕೊನೆಯ ಪ್ರಶ್ನೆ ತುಂಬಿದೆ. ಬೇರೆ ಯಾರಾದರೂ ಕೇಳಿಸಿಕೊಂಡರೇ? ಇಲ್ಲ.

ಆಂಧ್ರದ ಹಳ್ಳಿಗಳು ಕುಪ್ಪಂ ಕಡೆಯವು. ಅಲ್ಲಿ ಮನೆಮನೆಗೆ ಹೋಗಿ ಕೇಳಿದ್ದು ಹೆಚ್ಚಾಗಿ ನಮ್ಮ ತಂಡದ ಹಿರಿಯರೊಬ್ಬರು. ಚಿನ್ನದ ಗಣಿ ಮುಚ್ಚಿದ ಮೇಲೆ ಹತ್ತು ಕೆಲಸ ಮಾಡಿದ ಮನುಷ್ಯ, ಸ್ವಂತ ಬೈಕಿನಲ್ಲಿ ಬರುತ್ತಿದ್ದರು. ಅವರು ಮಾಡಿದ ಹತ್ತು ಮನೆಗಳಲ್ಲಿ ಒಂದಕ್ಕೆ ನಾನು ಮತ್ತೆ ಹೋಗಿ, ನಾಲ್ಕೈದು ಪ್ರಶ್ನೆ ಕೇಳಿ, ಉತ್ತರ ಹೊಂದುತ್ತದೆಯೇ ಎಂದು ನೋಡಬೇಕು. ಹಾಗೆ ಹೋದ ಮನೆಗಳಲ್ಲಿ ಒಂದು, ಹಾಲಿನ ವ್ಯಾಪಾರ ಮಾಡುವ ಮೂವತ್ನಾಲ್ಕು ವಯಸ್ಸಿನ ಗಂಡಸಿನದು. ಹಿರಿಯರು ಅವನ ಉತ್ತರಗಳನ್ನು ಮೊದಲೇ ಹೊಗಳಿದ್ದರು. ಹೆಣ್ಣುಮಕ್ಕಳು ಓದಬೇಕು, ಮದುವೆ ಅವರ ಇಷ್ಟದಂತೆ ಆಗಬೇಕು, ಎಲ್ಲಕ್ಕೂ ಹೌದು.

ನಾನು ಹೋದಾಗ ಆ ಮನೆಯ ಮುಂದೆ ಚಪ್ಪರ ಹಾಕುತ್ತಿದ್ದರು. ಅವನು ಕುರ್ಚಿ ತರಿಸಿ, ಕುಡಿಯಲು ಮಜ್ಜಿಗೆ ಕೊಟ್ಟ. ಸೌಮ್ಯ ಮುಖ. ನನ್ನ ಪ್ರಶ್ನೆಗಳಿಗೂ ಅದೇ ಉತ್ತರ ಕೊಟ್ಟ. ಎಲ್ಲವೂ ಹೊಂದಿತು. ಹೊರಡುವಾಗ ಮದುವೆ ಯಾರದೆಂದು ಕೇಳಿದೆ.

"ನಾದೇ ಮೇಡಂ," ಅಂದ, ನಾಚಿಕೊಂಡು. ಹುಡುಗಿ ಯಾರೆಂದರೆ, "ಮಾ ಅಕ್ಕ ಕೂತುರು." ಅಕ್ಕನ ಮಗಳು. ಕಾಮಸಮುದ್ರದ ಹತ್ತಿರದ ಊರಿನ ಹೆಸರು ಹೇಳಿದ. ಆಮೇಲೆ ತೆಲುಗಿಗೆ ಕನ್ನಡ ಬೆರೆಸಿ ಮುಂದುವರಿಸಿದ: "ಓದು ಮುಗೀಲಿ ಅಂತಲೇ ಇದ್ವಿ. ಆದ್ರೆ ಅಕ್ಕ ಫೋನ್ ಮಾಡಿ ಒಂದೇ ಅಳು. ಯಾರೋ ಮಿಷನ್ನು ಹಿಡ್ಕೊಂಡು ಬಂದು ಹುಡುಗಿಯನ್ನ ಏನೇನೋ ಕೇಳಿದ್ರಂತೆ. ಯಾವ ಜಾತಿಯವನಾದ್ರೂ ಸರಿ ಅಂದಳಂತೆ. ಕಾಲೇಜಲ್ಲಿ ಯಾರೋ ಇದಾನೆ ಅಂತ ಅಕ್ಕನಿಗೆ ಭಯ. ಇರೋಳು ಒಬ್ಳು. ಏನಾದ್ರೂ ಆದ್ರೆ ನಮ್ಮಕ್ಕ ಬದುಕಲ್ಲ."

ನನ್ನ ಮಡಿಲಲ್ಲಿದ್ದ ಟ್ಯಾಬನ್ನು ಅವನು ನೋಡಿದ. ಅದು ಯಾವ ಮಿಷನ್ನು ಎಂದು ಅವನಿಗೆ ಹೊಳೆದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮದುವೆಗೆ ಐದು ದಿನ ಇತ್ತು.

ಅವತ್ತೇ ಮಧ್ಯಾಹ್ನ ಹಿರಿಯರ ಬೈಕಿನ ಹಿಂದೆ ಕೂತು ಹುಡುಗಿಯ ಊರಿಗೆ ಬಂದೆ. ರಾಜ್ಯ ದಾಟಿದ್ದು ಒಂದು ಕಲ್ಲು ನೋಡಿದರೆ ಮಾತ್ರ ಗೊತ್ತಾಗುವ ದಾರಿ ಅದು. ತಾಯಿ ಮನೆಯಲ್ಲಿದ್ದಳು, ಮದುವೆ ಮನೆಯೆಂದು ಕೂಲಿಗೆ ಹೋಗಿರಲಿಲ್ಲ. ಹುಡುಗಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಕಾಲೇಜಿಗೆ ಕಳಿಸುವುದು ನಾನು ಬಂದುಹೋದ ಮರುದಿನದಿಂದಲೇ ನಿಂತಿತ್ತಂತೆ.

"ಅಮ್ಮ, ನಿಮ್ಮ ಮಗಳಿಗೆ ನಿಜವಾಗಿ ವಯಸ್ಸೆಷ್ಟು?"

"ಅದಿನೇಳು ಓಗಿ ಅದಿನೆಂಟಕ್ಕೆ ಬೀಳ್ತದೆ. ಇನ್ನೊಂದ್ ನಾಕ್ ತಿಂಗ್ಳು. ಅದ್ಕೇನೀಗ? ಅವತ್ತು ನೀವು ಎಣ್ಣಿಗೆಷ್ಟು ವಯಸ್ಸು ಅಂತ ಬರ್ಕೊಳ್ಳಾಕ್ ಬಂದ್ರಿ, ರೇಷನ್ನೋ ಪಿಂಚಣಿಯೋ ಏನೋ ಸಿಗ್ತದೆ ಅಂದ್ಕೊಂಡು ಜಾಸ್ತಿ ಏಳ್ದೆ."

"ನಾಲ್ಕು ತಿಂಗಳು ಕಾಯಬಾರದಾ? ಪರೀಕ್ಷೆ ಬರೀಲಿ."

"ನೀವ್ ಕಾಯ್ತೀರಾ ನನ್ ಮಗ್ಳನ್ನ?" ಅಂದಳು. ಸಿಟ್ಟಿರಲಿಲ್ಲ, ದಣಿವಿತ್ತು. "ನಾನು ಬೆಳಿಗ್ಗೆ ಎದ್ ಓದ್ರೆ ಸಂಜೀಕ್ ಬತ್ತೀನಿ. ಅವ್ಳು ಬಸ್ಸಲ್ಲಿ ಯಾರ್ ಪಕ್ಕ ಕೂತ್ಕೋತಾಳೋ ನಂಗೇನ್ ಗೊತ್ತು. ಯಾವ್ ಜಾತಿ ಆದ್ರೂ ಸರಿ ಅಂತಾಳೆ. ಈ ಊರಲ್ಲಿ ಅಂಗ್ ಓಡೋದೋಳ್ ಅಪ್ಪ ಅಮ್ಮ ಏನಾದ್ರು ಅಂತ ನಂಗೊತ್ತು. ನಿಮ್ ಮಿಷನ್ನಿಗೆ ಗೊತ್ತಾ?"

ನಾನು ಹುಡುಗಿಯ ಕಡೆ ತಿರುಗಿದೆ. ಅವಳು ತಲೆಯೆತ್ತಿ ಒಂದೇ ಮಾತು ಹೇಳಿದಳು.

"ಯಾರ್ಗೂ ತಿಳಿಯಲ್ಲ ಅಂದಿದ್ರಿ."

ಹೊರಗೆ ಬಂದು ಸಂಯೋಜಕರಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ, ನಾನು ಒತ್ತಿದ ಎರಡು ಸುಳ್ಳು ಉತ್ತರಗಳನ್ನೂ ಸೇರಿಸಿ. ಅವರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿದರು. ಬರೆದು ಕಳಿಸಿ, ನೈತಿಕ ಸಮಿತಿಯ ಮುಂದಿಡುತ್ತೇನೆ, ಅಲ್ಲಿಯವರೆಗೆ ನೀವಾಗಿ ಏನೂ ಮಾಡಬೇಡಿ ಅಂದರು. "ಉತ್ತರ ಕೊಟ್ಟವರ ಗುರುತನ್ನು ಹೊರಗೆ ಕೊಡೋದಿಲ್ಲ ಅಂತ ನಾವು ಬರೆದುಕೊಟ್ಟಿದ್ದೀವಿ ಮೇಡಂ. ಒಂದು ಮನೆಗೆ ಅದನ್ನ ಮುರಿದರೆ ಮೂರು ರಾಜ್ಯದ ಕೆಲಸ ಹೋಗುತ್ತೆ."

ಬರೆದು ಕಳಿಸಿದೆ. ಮರುದಿನ ಕಾದೆ. ಅದರ ಮರುದಿನವೂ ಕಾದೆ. ಕೋಣೆಯಲ್ಲಿ ಕೂತು ಟ್ಯಾಬುಗಳಿಂದ ಉತ್ತರಗಳನ್ನು ಇಳಿಸಿಕೊಳ್ಳುತ್ತಾ ಸಮಿತಿಯ ಉತ್ತರ ಬರುತ್ತದೆಂದು ನೋಡುತ್ತಿದ್ದೆ. ಕಾಯುವುದರಲ್ಲಿ ಒಂದು ಸುಖವೂ ಇತ್ತು; ಅದನ್ನು ಮುಚ್ಚಿಡುವುದಿಲ್ಲ. ನಿರ್ಧಾರ ಬೇರೆಯವರದಾಗಿದ್ದರೆ ನಾಳೆ ಯಾರೂ ನನ್ನನ್ನು ಕೇಳುವಂತಿಲ್ಲ. ಹಿರಿಯರು ಮೂಲೆಯಲ್ಲಿ ನಕ್ಷೆಗಳನ್ನು ಜೋಡಿಸುತ್ತಾ ಇದ್ದವರು, "ಏನಮ್ಮಾ, ಸಮಿತಿ ಸೇರೋದಕ್ಕೆ ಮುಂಚೆ ಮುಹೂರ್ತ ಸೇರುತ್ತೆ" ಅಂದರು. ಅಷ್ಟೇ ಅಂದದ್ದು.

ಮೂರನೆಯ ಬೆಳಿಗ್ಗೆ ಬಂಗಾರಪೇಟೆಯ ಬಸ್ ನಿಲ್ದಾಣದಲ್ಲಿ ನಿಂತು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಹುಡುಗಿಯ ಹೆಸರು, ಊರು, ತಾಯಿಯ ಹೆಸರು, ಗಂಡಿನ ಊರು ಎಲ್ಲ ಕೊಟ್ಟೆ. ನನ್ನ ಹೆಸರನ್ನೂ ಕೊಟ್ಟೆ. ಬೇಕಿಲ್ಲ ಅಂದರು, ಬರೆದುಕೊಳ್ಳಿ ಅಂದೆ.

ಬಾಲ್ಯವಿವಾಹ ತಡೆಯುವ ತಾಲ್ಲೂಕಿನ ಅಧಿಕಾರಿಣಿ ಮಧ್ಯಾಹ್ನದೊಳಗೆ ಜೀಪು ತಂದರು. ನಾನೂ ಹತ್ತಿದೆ. ಮನೆಗೆ ಬೀಗ ಹಾಕಿತ್ತು. ತಾಯಿ, ಮಗಳು ಬೆಳಿಗ್ಗೆಯೇ ಆಟೋದಲ್ಲಿ ತಮ್ಮನ ಊರಿಗೆ ಹೋದರು ಎಂದರು ಪಕ್ಕದವರು. ಹಿಂದಿನ ದಿನ ಬಂದಿದ್ದರೆ ಸಿಗುತ್ತಿದ್ದರು. ಅಧಿಕಾರಿಣಿ ಗಡಿಯ ಕಲ್ಲಿನವರೆಗೂ ಬಂದು ಜೀಪು ನಿಲ್ಲಿಸಿ, ಆಚೆಯ ಜಿಲ್ಲೆಗೆ ಫೋನ್ ಹಚ್ಚಿದರು. ಒಬ್ಬರಿಂದ ಇನ್ನೊಬ್ಬರಿಗೆ, ಇನ್ನೊಬ್ಬರಿಂದ ಮತ್ತೊಬ್ಬರಿಗೆ. ಲಿಖಿತವಾಗಿ ಬೇಕು ಎಂದರಂತೆ. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದು, ಅದರ ಚಿತ್ರ ತೆಗೆದು ಕಳಿಸಿದರು. "ನನ್ನ ಅಧಿಕಾರ ಇಲ್ಲಿಗೆ ಮುಗೀತು ಮೇಡಂ," ಅಂದರು.

ಮರುದಿನ ಬೆಳಿಗ್ಗೆ ಆಚೆಯ ಅಧಿಕಾರಿಗಳು, ಪೊಲೀಸರು ಹೊರಟಾಗ ಹಿರಿಯರ ಬೈಕಿನಲ್ಲಿ ನಾನೂ ಹೋದೆ. ಚಪ್ಪರದ ಕೆಳಗೆ ಜನ ಉಣ್ಣುತ್ತಿದ್ದರು. ಜೀಪು ಬಂದ ವಿಷಯ ತಿಳಿದು ಮುಹೂರ್ತವನ್ನು ಒಂದು ದಿನ ಹಿಂದಕ್ಕೆ ಎಳೆದು, ನಸುಕಿನಲ್ಲೇ ತಾಳಿ ಕಟ್ಟಿಸಿದ್ದರು. ಹುಡುಗಿಯ ಕತ್ತಿನಲ್ಲಿ ಅರಿಸಿನದ ದಾರ ಇನ್ನೂ ಒದ್ದೆಯಾಗಿತ್ತು. ಪೊಲೀಸರನ್ನು ಕಂಡು ತಾಯಿ ಎಲೆಯ ಮುಂದಿನಿಂದ ಎದ್ದಳು. ಗಂಡು ಓಡಲಿಲ್ಲ, ಕೂಗಾಡಲೂ ಇಲ್ಲ. ನನ್ನ ಹತ್ತಿರ ಬಂದು ತೆಲುಗಿನಲ್ಲಿ, "ಮಜ್ಜಿಗೆ ಕುಡಿದು ಹೋದ್ರಲ್ಲ ಮೇಡಂ. ಅವತ್ತೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ" ಅಂದ.

ಹುಡುಗಿಯನ್ನು ಬೇರೆ ಗಾಡಿಯಲ್ಲಿ ಕೂರಿಸಿದರು. ಕೆಲವು ದಿನ ಆಚೆ, ಆಮೇಲೆ ಈಚೆ, ಬಾಲಮಂದಿರದಲ್ಲಿಟ್ಟರು. ತಾಯಿಯ ಮೇಲೂ ಮಾವನ ಮೇಲೂ ಕೇಸು. ಕಡತ ಎರಡು ರಾಜ್ಯಗಳ ನಡುವೆ ಓಡಾಡುತ್ತಿದ್ದಾಗ ಪಿಯುಸಿ ಪರೀಕ್ಷೆ ಬಂದು ಹೋಯಿತು.

ಸಂಸ್ಥೆಯವರು ನನ್ನನ್ನು ಕೆಲಸದಿಂದ ಬಿಡಿಸಿದರು. ನ್ಯಾಯವೇ. ಹೋಗುವ ಮುನ್ನ ನಾನು ತುಂಬಿದ, ಮರುಪರಿಶೀಲಿಸಿದ ಉತ್ತರಗಳನ್ನು ಸಂಯೋಜಕರ ಜೊತೆ ಕೂತು ಪರಿಶೀಲಿಸಬೇಕಿತ್ತು. ಹುಡುಗಿಗೆ ಹದಿನೆಂಟು ತುಂಬಿರಲಿಲ್ಲ, ಆದ್ದರಿಂದ ಅವಳ ಉತ್ತರ ಅಮಾನ್ಯ, ಅಳಿಸಬೇಕು. ಮಾವನದರಲ್ಲಿ ಯಾವ ದೋಷವೂ ಇರಲಿಲ್ಲ. ವಯಸ್ಸು ಸರಿ, ಒಪ್ಪಿಗೆ ಸರಿ, ಒಬ್ಬನೇ ಇದ್ದ, ಮರುಪರಿಶೀಲನೆಯಲ್ಲೂ ಹೊಂದಿತ್ತು. ಅದು ಉಳಿಯಿತು. ಕಾಮಸಮುದ್ರ ಹೋಬಳಿಯಲ್ಲಿ ಎಲ್ಲರಿಗಿಂತ ಮುಕ್ತವಾಗಿ ಮಾತಾಡಿದವಳು ಕರ್ನಾಟಕದ ಲೆಕ್ಕದಿಂದ ಹೋದಳು, ಅವಳಿಗೆ ತಾಳಿ ಕಟ್ಟಿದವನು ಆಂಧ್ರದ ಉದಾರಿಗಳ ಸಾಲಿನಲ್ಲಿ ನಿಂತ. ಇವರಿಬ್ಬರೂ ಒಂದೇ ಮನೆಯವರು, ಈ ಹಳ್ಳಿಗಳಲ್ಲಿ ಹೆಣ್ಣು ಕೊಡುವುದು ತರುವುದು ಗಡಿ ನೋಡಿ ನಡೆಯುವುದಿಲ್ಲ, ಹೀಗಿರುವಾಗ ಯಾವ ರಾಜ್ಯವನ್ನು ಯಾವುದರ ಜೊತೆ ಹೋಲಿಸುತ್ತಿದ್ದೇವೆ ಎಂದು ಒಂದು ಪುಟ ಬರೆದುಕೊಟ್ಟೆ. ಸಂಯೋಜಕರು ನನ್ನೆದುರಿಗೇ ಎರಡು ಸಲ ಓದಿದರು. ವರದಿ ಬಂದಾಗ ಆ ಪುಟ ಅದರಲ್ಲಿರಲಿಲ್ಲ.

ಹುಡುಗಿಗೆ ಹದಿನೆಂಟು ತುಂಬಿದ ಮೇಲೆ ಬಾಲಮಂದಿರದಿಂದ ಬಿಟ್ಟರು. ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದ್ದಕ್ಕೆ ತಾಯಿಯ ಹತ್ತಿರ ಅಂದಳಂತೆ. ಒಂದು ವಾರ ಬಿಟ್ಟು ನಾನು ಹೋದೆ. ಪೂರಕ ಪರೀಕ್ಷೆಯ ಅರ್ಜಿಯನ್ನು ಅವಳ ಕಾಲೇಜಿನಿಂದ ತಂದಿದ್ದೆ.

ತಾಯಿ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಎತ್ತಿಕೊಂಡು ಒಳಗೆ ಹೋದಳು. ಹುಡುಗಿ ಬೀದಿಯವರೆಗೂ ಬಂದಳು. ಮೈ ಇಳಿದುಹೋಗಿತ್ತು. ಅರ್ಜಿ ತೆಗೆದುಕೊಂಡು ನಿಧಾನವಾಗಿ ಓದಿದಳು.

"ಬರೀತೀಯಾ?"

"ಬರೀತೀನಿ." ನಂತರ, "ಮಾವ್ನಿಗೆ ಜಾಮೀನ್ ಸಿಕ್ತು. ಅಮ್ಮ ಕೋರ್ಟಿಗ್ ಓಗ್ಬೇಕು, ಕೂಲಿ ತಪ್ತದೆ. ನೀರಿಗ್ ಓದ್ರೆ ಊರೋರು ಅತ್ತಾಗ್ ತಿರುಗ್ಕೋತಾರೆ."

"ನನ್ನಿಂದ ತಪ್ಪಾಯ್ತು," ಅಂದೆ. ಈ ಮಾತನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಯೋಚಿಸಿದ್ದೆ. ಕೊನೆಗೆ ಇಷ್ಟೇ ಬಂತು.

"ಕೇಳಿದ್ ತಪ್ಪಲ್ಲ ಮೇಡಂ. ಅಂಗೆಲ್ಲ ನನ್ನ ಯಾರೂ ಕೇಳೇ ಇರ್ಲಿಲ್ಲ. ಒಳೀಕ್ ಕರ್ಕೊಂಡೋಗಿ ಕೇಳ್ಬೇಕಿತ್ತು."

ಒಳಗಿನಿಂದ ತಾಯಿ ಒಮ್ಮೆ ಕೆಮ್ಮಿದಳು. ಹುಡುಗಿ ಅರ್ಜಿಯನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಇನ್ಮೇಲೆ ಬರ್ಬ್ಯಾಡಿ," ಅಂದಳು. ಒರಟಾಗಿ ಅಲ್ಲ, ಹಿರಿಯರಿಗೆ ದಾರಿ ಹೇಳುವ ಹಾಗೆ. "ನೀವ್ ಬಂದೋದ್ ದಿನ ಅಮ್ಮ ಉಣ್ಣಲ್ಲ."

ನಾನು ಮತ್ತೆ ಹೋಗಿಲ್ಲ.